ಎದುರಂಗಡಿಯ ಲ್ಯಾಪ್‌ಟಾಪ್

ಹಿರಿಯೂರಿನ ತಾಲ್ಲೂಕು ಕಚೇರಿ ರಸ್ತೆಯಲ್ಲಿ ನೇತ್ರಾವತಿಯ ಡಿಟಿಪಿ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಮಳಿಗೆ. ಅರ್ಜಿ, ಕರಾರುಪತ್ರ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಎಲ್ಲ ಟೈಪು ಮಾಡುತ್ತಾಳೆ. ಆದರೆ ಅವಳ ಹೆಸರು ನಿಂತಿರುವುದು ಲಗ್ನಪತ್ರಿಕೆಯ ಮೇಲೆ.

ಲಗ್ನಪತ್ರಿಕೆ ಎಂದರೆ ಹೂವು, ಬಳ್ಳಿ, ಬಣ್ಣದ ಗಣಪತಿ ಎಂದುಕೊಂಡವರು ಮನೆಯಲ್ಲಿ ಮದುವೆ ಮಾಡಿದವರಲ್ಲ. ಪತ್ರಿಕೆಯ ಜೀವ ಇರುವುದು ಹೆಸರುಗಳಲ್ಲಿ. ಅಣ್ಣತಮ್ಮಂದಿರ ಮನೆಗಳಲ್ಲಿ ಯಾರದು ಮೊದಲು, ಯಾರದು ಆಮೇಲೆ. ಸೋದರಮಾವ ಯಾವ ಸಾಲಿನಲ್ಲಿ. ಯಾರು ಬದುಕಿದ್ದಾರೆ, ಯಾರು ತೀರಿಕೊಂಡು ಹೆಸರಿನ ಮೊದಲಿಗೆ ದಿವಂಗತ ಎನ್ನುವ ‘ದಿ||’ ಹಾಕಿಸಿಕೊಂಡಿದ್ದಾರೆ. ಇದರಲ್ಲಿ ಒಂದು ಹೆಚ್ಚುಕಮ್ಮಿಯಾದರೆ ನೆಂಟರು ಹತ್ತು ವರ್ಷ ಮಾತು ಬಿಡುತ್ತಾರೆ. ಜವನಗೊಂಡನಹಳ್ಳಿ ಕಡೆಯ ಕುರಿ ಕಾಯುವ ಮನೆತನಗಳಲ್ಲಂತೂ ಊರಿಗೆ ನಾಲ್ಕು ಜುಂಜಯ್ಯ, ಆರು ಓಬವ್ವ. ಯಾವ ಜುಂಜಯ್ಯ ಯಾರ ತಾತ ಎಂಬುದು ನೇತ್ರಾವತಿಗೆ ಬಾಯಿಪಾಠ, ಏಕೆಂದರೆ ಅವಳೂ ಆ ಕಡೆಯವಳೇ. ‘ನೇತ್ರಕ್ಕ ನೋಡಿದ ಮೇಲೆ ಮುಗೀತು’ ಎಂದು ಜನ ಹೇಳುತ್ತಿದ್ದರು. ಅವಳ ಬಂಡವಾಳ ಆ ಒಂದು ಮಾತು. ಅದು ಅವಳಿಗೂ ಗೊತ್ತಿತ್ತು, ಹೊಟ್ಟೆಕಿಚ್ಚು ಬರುವ ತನಕ.

ಹೊಟ್ಟೆಕಿಚ್ಚು ಬಂದದ್ದು ದೀಪಾವಳಿಯಾದ ಮೇಲೆ, ಸರಿಯಾಗಿ ಎದುರಿನ ಮಳಿಗೆಗೆ. ಹೊಳಲ್ಕೆರೆಯಿಂದ ಮದುವೆಯಾಗಿ ಬಂದ ಚೈತ್ರಾ ಎಂಬ ಇಪ್ಪತ್ತಾರರ ಹುಡುಗಿ ಅಲ್ಲಿ ಅಂಗಡಿ ತೆರೆದಳು. ಮೇಜಿನ ಮೇಲೆ ಬೆಳ್ಳಿ ಬಣ್ಣದ, ಹಪ್ಪಳದಷ್ಟು ತೆಳ್ಳಗಿನ ಲ್ಯಾಪ್‌ಟಾಪು. ಪರದೆ ಎಷ್ಟು ದೊಡ್ಡದೆಂದರೆ ರಸ್ತೆಯ ಈಚೆ ಕೂತವರಿಗೂ ಗಂಡುಹೆಣ್ಣಿನ ಫೋಟೊ ಕಾಣುತ್ತಿತ್ತು. ಅದರಲ್ಲಿ ಅವಳು ಕಾರ್ಡಷ್ಟೇ ಅಲ್ಲ, ಹಾಡು ಹಾಕಿ, ಹೂವು ಉದುರಿಸಿ ಮೊಬೈಲಿಗೆ ಕಳಿಸುವ ವಿಡಿಯೊ ಪತ್ರಿಕೆಯನ್ನೂ ಮಾಡಿಕೊಡುತ್ತಿದ್ದಳು.

ನೇತ್ರಾವತಿಯ ಲ್ಯಾಪ್‌ಟಾಪು ಹಳೆಯದೇನಲ್ಲ. ಕೊಂಡು ಹದಿನಾಲ್ಕು ತಿಂಗಳು. ಮುಚ್ಚಳದ ಮೇಲೆ ಅಂಟಿಸಿ ಬಂದ ಪ್ಲಾಸ್ಟಿಕ್ಕನ್ನು ಅವಳಿನ್ನೂ ಕಿತ್ತಿರಲಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಏಳುವಷ್ಟರಲ್ಲಿ ಅವಳು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಮುಗಿಸುತ್ತಿದ್ದಳು. ಒಂದು ವರ್ಷ ಅದು ಅವಳಿಗೆ ಚೆಂದವೇ ಅನಿಸಿತ್ತು. ಈಗ ಎದುರಿನದು ಮುಚ್ಚಳ ತೆಗೆದ ಕ್ಷಣಕ್ಕೆ ಬೆಳಗುವುದನ್ನು ನೋಡಿ, ಊದುಬತ್ತಿ ಹಿಡಿದ ಕೈಯಲ್ಲೇ ಅವಳಿಗೆ ಮೈ ಉರಿಯತೊಡಗಿತು. ದೇವರಿಗೂ ಆ ಹೊಗೆ ರುಚಿಸಿರಲಿಕ್ಕಿಲ್ಲ.

ಸಾಲದ್ದಕ್ಕೆ ಆ ಹುಡುಗಿ ಒಳ್ಳೆಯವಳು. ಕೆಟ್ಟವಳಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಎರಡು ದಿನಕ್ಕೊಮ್ಮೆ ಸಂಜೆ ಐದರ ಹೊತ್ತಿಗೆ ಪ್ರೂಫ್ ಹಾಳೆ ಹಿಡಿದು ರಸ್ತೆ ದಾಟಿ ಬರುವಳು. “ಅಕ್ಕಾ, ಒಂದ್ಸಲ ಕಣ್ಣಾಡಿಸ್ರಿ. ನಿಮ್ ಕಡೆ ಹೆಸ್ರು ನಂಗೆ ಗೊತ್ತಾಗಲ್ಲ,” ಎನ್ನುವಳು. ನೇತ್ರಾವತಿ ತಿದ್ದಿ ಕಳಿಸುವಳು. ತಿದ್ದುತ್ತ, ನನ್ನ ಬುದ್ಧಿ, ಅವಳ ಗಿರಾಕಿ ಎಂದು ಒಳಗೊಳಗೇ ಕುದಿಯುವಳು.

ಒಂದು ಗುರುವಾರ ತಡೆಯಲಾರದೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಶಿವಕುಮಾರಪ್ಪನ ಕಂಪ್ಯೂಟರ್ ಅಂಗಡಿಗೆ ಹೋದಳು. ಅದನ್ನು ಮಾರಿದವನು ಅವನೇ.

“ಇದನ್ನ ತಗಂಡು ಹೊಸದು ಕೊಡ್ರಿ. ಚೈತ್ರಂದು ಐತಲ್ಲ, ಅಂಥದ್ದು.”

ಶಿವಕುಮಾರಪ್ಪ ತೆರೆದು ನೋಡಿದ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. “ಇದಕ್ಕೇನಾಗೈತ್ರಿ?”

“ನಿಧಾನ.”

“ನಿಧಾನ ಎಲ್ಲೈತ್ರಿ? ನಿಮ್ಮ ಕೆಲ್ಸಕ್ಕೆ ಇನ್ನೂ ಐದು ವರ್ಷ ಬರ್ತೈತೆ.” ಆದರೆ ಅವನು ವ್ಯಾಪಾರಸ್ಥ. ಮಾತು ಅಲ್ಲಿಗೆ ನಿಲ್ಲಿಸಿದರೆ ಅಂಗಡಿ ನಡೆಯುವುದಿಲ್ಲ. “ಬದಲಾಯಿಸೋದೇ ಆದ್ರೆ ಈ ತಿಂಗಳೊಳಗೆ ಬದಲಾಯಿಸ್ರಿ. ಹೊಸದಿದ್ದಾಗ ಕೊಟ್ರೇ ಬೆಲೆ. ಯೋಚ್ನೆ ಮಾಡಿ ಹೇಳ್ರಿ.”

ಗಂಡ ತಿಮ್ಮೇಶ್ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ವಿಂಗಡಿಸುವವನು. ಬಡಿದು ಶಬ್ದ ಕೇಳಿಯೇ ಒಳಗೆ ನೀರಿದೆಯೋ ಇಲ್ಲವೋ ಹೇಳುತ್ತಾನೆ. ಹೆಂಡತಿಯ ಮಾತು ಕೇಳಿದಾಗಲೂ ಹಾಗೆಯೇ ಹೇಳಿದ. “ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ. ಲ್ಯಾಪ್‌ಟಾಪ್ ನೆಟ್ಟಗೈತೆ. ನಿನ್ನ ಹೊಟ್ಟೆಯಾಗೇ ಏನೋ ಕೆಟ್ಟೈತೆ ನೋಡ್ಕ.”

“ನಿಂಗೇನು ಗೊತ್ತು? ಗಿರಾಕಿ ಕಣ್ಣೆದುರಿಗೇ ಆ ಕಡೆ ಹೋದಾಗ ಗೊತ್ತಾಗ್ತೈತೆ,” ಎಂದಳು ನೇತ್ರಾವತಿ. ಅಂದು ಅವರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತು.

ಅವಳ ಬಾಯಿಗೆ ಯಾವ ಗಳಿಗೆಯ ದೋಷವೋ ಏನೋ, ಮಾರನೆಯ ದಿನವೇ ಜವನಗೊಂಡನಹಳ್ಳಿಯ ಮಾರಪ್ಪ ಬಸ್ಸಿಳಿದು ಬಂದ. ಅವನ ಮನೆಯ ಮೂರು ಮದುವೆ, ಒಂದು ಗೃಹಪ್ರವೇಶದ ಕಾರ್ಡು ನೇತ್ರಾವತಿಯ ಕೈಯಲ್ಲೇ ಆಗಿತ್ತು. ಈಗ ಮಗಳು ಗಂಗಾಳ ಮದುವೆ. ನೇತ್ರಾವತಿ ಕುರ್ಚಿ ಒರೆಸಿ, “ಬರ್ರಿ ಅಣ್ಣ, ಕುಂತ್ಕಳ್ರಿ,” ಎಂದಳು. ಮಾರಪ್ಪ ಕೂರಲಿಲ್ಲ. ತಲೆ ಕೆರೆದುಕೊಂಡ. “ನಮ್ ಗಂಗಾ ವಿಡಿಯೊದ್ದೇ ಬೇಕು ಅಂತಾಳವ್ವ. ಎದುರಿಗೆ ಕಾರ್ಡಿನ ಜೊತೆ ಅದ್ನೂ ಮಾಡ್ತಾರಂತಲ್ಲ,” ಎಂದು ರಸ್ತೆ ದಾಟಿದ.

ನಲವತ್ತಮೂರು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಅಂದು ಅಂಗಡಿಯಲ್ಲಿ ಒಬ್ಬಳೇ ಕೂತು ಅತ್ತಳು. ಆ ಬೆಳ್ಳಿ ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಲಿ ಎಂದು ಬಯಸಿದಳು. ಕರೆಂಟು ಹೋದಾಗ ಅದು ಹೋಗದೆ ಉರಿಯುತ್ತಿದ್ದರೆ ಅದಕ್ಕೂ ಶಾಪ ಹಾಕಿದಳು, ತನ್ನದೂ ಹಾಗೇ ಉರಿಯುತ್ತಿದ್ದುದು ಅವಳ ಲೆಕ್ಕಕ್ಕೆ ಬರಲಿಲ್ಲ.

ಸಂಜೆ ಐದಕ್ಕೆ ಚೈತ್ರಾ ಹಾಳೆ ಹಿಡಿದು ಓಡಿ ಬಂದಳು. “ಅಕ್ಕಾ, ಇದೊಂದು ನೋಡ್ಬಿಡ್ರಿ. ಮಾರಪ್ಪನೋರ್ದು. ಅವ್ರು ಬಸ್ಸಿಗೆ ಹೊರಟವ್ರೆ. ನೇತ್ರಕ್ಕ ನೋಡಿ ಸರಿ ಅಂದ್ರೆ ಪ್ರೆಸ್ಸಿಗೆ ಕಳ್ಸು ಅಂದವ್ರೆ.”

ನೇತ್ರಾವತಿ ಹಾಳೆ ತೆಗೆದುಕೊಂಡಳು. ಮೇಲೆ ಜುಂಜಪ್ಪಸ್ವಾಮಿ ಪ್ರಸನ್ನ, ಸರಿ. ಮುಹೂರ್ತ, ಸರಿ. ಅದರ ಕೆಳಗಿನ ಸಾಲು: ‘ದಿ|| ಜುಂಜಯ್ಯನವರ ಮೊಮ್ಮಗಳು.’

ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಹೋದ ತಿಂಗಳು ಚೈತ್ರಾ ಅದೇ ಊರಿನ ಇನ್ನೊಂದು ಮನೆಯ ಕಾರ್ಡು ಮಾಡಿದ್ದಳು. ಆ ಮನೆಯ ಜುಂಜಯ್ಯ ತೀರಿಕೊಂಡು ಆರು ವರ್ಷ. ಹುಡುಗಿ ಆ ಫೈಲನ್ನೇ ತೆರೆದು ಬೇರೆ ಹೆಸರುಗಳನ್ನೆಲ್ಲ ಬದಲಾಯಿಸಿದ್ದಾಳೆ. ಜುಂಜಯ್ಯ ಎಂಬ ಹೆಸರು ಎರಡೂ ಕಡೆ ಒಂದೇ ಆದ್ದರಿಂದ ಅದನ್ನು ಮುಟ್ಟಿಲ್ಲ. ಹಿಂದಿನ ‘ದಿ||’ ಹಾಗೇ ಉಳಿದಿದೆ. ಮಾರಪ್ಪನ ಅಪ್ಪ ಜುಂಜಯ್ಯ ಎಂಬತ್ತೆರಡರಲ್ಲೂ ಗಟ್ಟಿಮುಟ್ಟಾಗಿ ಕುರಿಮಂದೆಯ ಹಿಂದೆ ನಡೆಯುತ್ತಾನೆ.

ಬೆರಳು ಆ ಸಾಲಿನ ಮೇಲೆ ನಿಂತಿತು. ಹೇಳಬೇಕು ಅನಿಸಿತು, ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಎದುರಂಗಡಿಯ ಪರದೆಯ ಮೇಲೆ ತಾನಾಗಿಯೇ ಓಡುತ್ತಿದ್ದ ವಿಡಿಯೊದಲ್ಲಿ ಗಂಗಾಳ ಫೋಟೊ ಮೂಡಿ ಅದರ ಮೇಲೆ ಹೂವು ಉದುರತೊಡಗಿತು.

“ಚೆನ್ನಾಗೈತೆ. ಕಳ್ಸು,” ಎಂದಳು ನೇತ್ರಾವತಿ.

ಆಮೇಲಿನ ದಿನಗಳಲ್ಲಿ ಅವಳು ಒಂದು ಬಗೆಯ ಖುಷಿಯಲ್ಲಿದ್ದಳು. ನೋಯುವ ಹಲ್ಲನ್ನು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟುವಂಥ ಖುಷಿ. ಶಿವಕುಮಾರಪ್ಪನಿಗೆ ಫೋನು ಮಾಡಿ, “ತರ್ಸಿಬಿಡ್ರಿ, ತಗಂತೀನಿ,” ಎಂದೂ ಹೇಳಿದಳು. ಮಾರಪ್ಪ ವಾಪಸು ಬರುತ್ತಾನೆ, ಬಂದಾಗ ತನ್ನ ಮೇಜಿನ ಮೇಲೂ ಅಂಥದ್ದೇ ಇರಬೇಕು ಎಂಬುದು ಅವಳ ಲೆಕ್ಕ.

ಎಂಟನೆಯ ದಿನ ಬಂದದ್ದು ಮಾರಪ್ಪನಲ್ಲ, ಖುದ್ದು ಜುಂಜಯ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅರಿಶಿನ ಹಚ್ಚಿದ ಒಂದು ಪತ್ರಿಕೆ. ಮೊದಲು ಎದುರಂಗಡಿಗೆ ಹೋಗಿ, ಅಲ್ಲಿಂದ ಈಚೆ ಬಂದು ಕುರ್ಚಿಯ ಮೇಲೆ ಕೂತ.

“ಮೊದಲ್ನೇ ಪತ್ರಿಕೆ ದೇವ್ರ ಮುಂದಿಟ್ಟು ಓದ್ಸಿದ್ವಿ ತಾಯಿ. ನಂಗೆ ಓದಾಕೆ ಬರಲ್ವಲ್ಲ, ಗಂಗಾ ಓದಿದ್ಲು. ಮೂರ್ನೇ ಸಾಲಿಗೆ ನಿಂತ್ಬಿಟ್ಲು. ಏನವ್ವ ಅಂದ್ರೆ, ತಾತ ನೀನು ಸತ್ತೋಗಿದೀಯ ಅಂತ ಬರ್ದೈತೆ ಅಂದ್ಲು.” ಮುದುಕ ನಕ್ಕ. “ದೇವ್ರಿಗೆ ಗೊತ್ತಿಲ್ವಾ ನಾನು ಅವ್ನ ಮುಂದೇ ನಿಂತಿರದು? ಆದ್ರೆ ಮನೇಲಿ ಹೆಂಗಸ್ರು ಅಪಶಕುನ ಅಂತ ಒಲೆ ಹಚ್ಚಿಲ್ಲ. ಆ ಮಗೂಗೆ ಮದ್ವೆನೇ ಬ್ಯಾಡ ಅನ್ನಂಗಾಗೈತೆ.”

ನೇತ್ರಾವತಿಯ ಲೆಕ್ಕದಲ್ಲಿ ಗಂಗಾ ಇರಲಿಲ್ಲ, ಒಲೆ ಹಚ್ಚದ ಹೆಂಗಸರೂ ಇರಲಿಲ್ಲ.

“ಎದುರಿನ ಹುಡುಗಿ ಕಾಲಿಗೆ ಬಿದ್ದು ಅತ್ತಿತು. ನೇತ್ರಕ್ಕಂಗೆ ತೋರ್ಸೇ ಕಳ್ಸಿದ್ದು ಅಂತು. ನಮ್ ಮಾರನೂ ಅದನ್ನೇ ಅಂದ. ನೀನು ನೋಡಿದ ಮೇಲೆ ಮುಗೀತು ಅಂತ ಅವ್ನು ಓದ್ಲೇ ಇಲ್ಲ.” ಜುಂಜಯ್ಯ ಮುಂದೆ ಬಾಗಿದ. “ನಿನ್ ಕಣ್ಣಿಗೆ ಹೆಂಗೆ ತಪ್ತು ತಾಯಿ?”

ಹೇಳಲು ಇದ್ದದ್ದು ಎರಡೇ ಮಾತು. ಕಂಡಿತ್ತು, ಇಲ್ಲವೇ ಕಾಣಲಿಲ್ಲ. ಒಂದು ಹೇಳಿದರೆ ಮರ್ಯಾದೆ ಹೋಗುತ್ತದೆ, ಇನ್ನೊಂದು ಹೇಳಿದರೆ ಅನ್ನ.

“ಕಾಣ್ಲಿಲ್ಲ ಅಜ್ಜ,” ಎಂದಳು.

ಮುದುಕ ಬೈದಿದ್ದರೆ ಚೆನ್ನಾಗಿತ್ತು. ಅವನು ಅವಳ ತಲೆ ಸವರಿದ. “ಹೋಗ್ಲಿ ಬಿಡವ್ವ. ಕುರಿ ಎಣಿಸೋವಾಗ ನಂಗೂ ಈಗೀಗ ತಪ್ತೈತೆ. ದುರ್ಗದ ಆಸ್ಪತ್ರೆಗೆ ಹೋಗಿ ಕಣ್ಣು ತೋರ್ಸು, ತಡ ಮಾಡ್ಬ್ಯಾಡ.” ಅಲ್ಲಿಂದ ಎದ್ದು ಟೀ ಅಂಗಡಿಗೆ ಹೋಗಿ, ಕುಡಿಯುವವರೆಲ್ಲರ ಮುಂದೆ, ಪಾಪ ನಮ್ಮ ನೇತ್ರವ್ವನಿಗೆ ಕಣ್ಣು ಮಂಜಾಗಿದೆ ಎಂದು ಮರುಗಿದ. ಒಳ್ಳೆಯವರ ಮರುಕ ಡಂಗುರಕ್ಕಿಂತ ಬೇಗ ಊರು ಸುತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳು ಟೈಪು ಮಾಡಿಕೊಟ್ಟ ಅರ್ಜಿಯನ್ನು ಒಬ್ಬ ಗಿರಾಕಿ ಅವಳ ಎದುರೇ ಇನ್ನೊಬ್ಬನ ಕೈಯಲ್ಲಿ ಓದಿಸಿ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಊಟದ ಹೊತ್ತು ಕಳೆದ ಮೇಲೆ ಚೈತ್ರಾ ರಸ್ತೆ ದಾಟಿ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಎದೆಗೆ ಅವುಚಿಕೊಂಡಿದ್ದ ಬೆಳ್ಳಿ ಲ್ಯಾಪ್‌ಟಾಪನ್ನು ನೇತ್ರಾವತಿಯ ಮೇಜಿನ ಮೇಲೆ ಇಟ್ಟಳು.

“ಅಕ್ಕಾ, ಅಜ್ಜ ಹೇಳಿದ್ರು. ನಂಗೆ ಗೊತ್ತಿರ್ಲಿಲ್ಲ ನಿಮ್ಗೆ ಕಣ್ಣು ಹಂಗಾಗೈತೆ ಅಂತ. ಸುಮ್ನೆ ನಿಮ್ಗೆ ಕಷ್ಟ ಕೊಡ್ತಿದ್ದೆ. ಇದ್ರ ಪರದೆ ದೊಡ್ಡದೈತೆ, ಅಕ್ಷರ ಎಷ್ಟು ದಪ್ಪ ಬೇಕಾದ್ರೂ ಮಾಡ್ಕಬೌದು. ನಿಮ್ದು ಹೊಸದೇ ಅಲ್ವಾ, ಅದು ನಂಗೆ ಸಾಕು. ಬದಲಾಯಿಸ್ಕಳಾಣ.”

ನಾಲ್ಕು ತಿಂಗಳು ನಿದ್ದೆಗೆಡಿಸಿದ ಆ ವಸ್ತು ಈಗ ಕೈಯಳತೆಯಲ್ಲಿತ್ತು. ಮುಟ್ಟಿದರೆ ಅವಳದು. ಶಿವಕುಮಾರಪ್ಪನ ಹಂಗೂ ಬೇಕಿರಲಿಲ್ಲ. ನೇತ್ರಾವತಿ ಅದರ ತಣ್ಣನೆಯ ಮುಚ್ಚಳದ ಮೇಲೆ ಕೈ ಇಟ್ಟಳು. ಆಮೇಲೆ ಅದನ್ನು ಚೈತ್ರಾಳ ಕಡೆಗೇ ತಳ್ಳಿದಳು.

“ನಂಗೆ ಕಂಡಿತ್ತು ಕಣೇ.”

“ಏನು?”

“ದಿ ಅಂತ ಹಾಕಿದ್ದು. ನೋಡಿದ ತಕ್ಷಣ ಕಂಡಿತ್ತು. ನನ್ ಕಣ್ಣಿಗೇನೂ ಆಗಿಲ್ಲ. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ.”

ಚೈತ್ರಾ ಲ್ಯಾಪ್‌ಟಾಪು ಎತ್ತಿಕೊಂಡು ಹೊರಟುಹೋದಳು.

ಅದೇ ಸಂಜೆ ನೇತ್ರಾವತಿ ಜವನಗೊಂಡನಹಳ್ಳಿಗೆ ಬಸ್ಸು ಹತ್ತಿದಳು. ಜುಂಜಯ್ಯನ ಮನೆಯ ಹೆಂಗಸರ ಮುಂದೆ ನಿಂತು ಅದೇ ಮಾತನ್ನು ಹೇಳಿದಳು. ಬೈಸಿಕೊಂಡಳು, ಬೈಸಿಕೊಳ್ಳಬೇಕಾಗಿತ್ತು. ಗಂಗಾ ಒಳಗಿನಿಂದ ಹೊರಗೆ ಬರಲೇ ಇಲ್ಲ. ಹೊಸ ಪತ್ರಿಕೆಗಳನ್ನು ಅವಳೇ ತನ್ನ ಖರ್ಚಿನಲ್ಲಿ ಅಚ್ಚು ಮಾಡಿಸಿಕೊಟ್ಟಳು. ಶಿವಕುಮಾರಪ್ಪನಿಗೆ ಲ್ಯಾಪ್‌ಟಾಪು ಬೇಡವೆಂದಳು. ಅವನು, ಮೊದಲೇ ಹೇಳಿರಲಿಲ್ಲವೇ ನಾನು ಎಂದ.

ಈಗ ಅವಳ ಅಂಗಡಿಗೆ ಜನ ಮೊದಲಿನಂತೆಯೇ ಬರುತ್ತಾರೆ. ನೇತ್ರಕ್ಕನ ಕಣ್ಣು ಸರಿಯಿದೆ ಎಂದು ಎಲ್ಲರಿಗೂ ಗೊತ್ತಾಗಿದೆ, ಯಾಕೆ ತಪ್ಪಿತು ಎನ್ನುವುದೂ ಗೊತ್ತಾಗಿದೆ. ಹದಿನಾಲ್ಕು ತಿಂಗಳಿದ್ದ ಲ್ಯಾಪ್‌ಟಾಪಿಗೆ ಇಪ್ಪತ್ತು ತಿಂಗಳಾಯಿತು, ಚೆನ್ನಾಗಿಯೇ ಓಡುತ್ತಿದೆ. ಐದು ಗಂಟೆಯ ಹೊತ್ತಿಗೆ ಅವಳು ಟೈಪು ಮಾಡುವುದನ್ನು ನಿಲ್ಲಿಸಿ ಎದುರಿಗೆ ನೋಡುತ್ತಾಳೆ. ಚೈತ್ರಾ ತನ್ನ ಪ್ರೂಫ್ ಹಾಳೆಯ ಮೇಲೆ ಬಗ್ಗಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ತಾನೇ ಓದಿಕೊಳ್ಳುತ್ತಿರುತ್ತಾಳೆ.