ಏಳು ಲಗ್ನಪತ್ರಿಕೆ

ಕಾರವಾರದ ಕೋಡಿಬಾಗದ ಕಾಶಿಗೆ ಎಂಬತ್ತೆರಡು ವರ್ಷ. ಇವತ್ತಿಗೂ ಮೀನು ತರಲು ತಾನೇ ಹೋಗುತ್ತಾಳೆ, ಕಿವಿರು ಎತ್ತಿ ನೋಡದೆ ಕೊಳ್ಳುವುದಿಲ್ಲ. ಮಾತು ಕಡಿಮೆ. ಮದುವೆ ಮನೆಗೆ ಹೋದರೆ ಒಂದು ಮೂಲೆ ಹಿಡಿದು ಕೂತು, ಬಂದವರ ಮುಖಗಳನ್ನು ಒಂದೊಂದಾಗಿ ದಿಟ್ಟಿಸುತ್ತಾಳೆ. ಇದರಿಂದ ಸೊಸೆಗೆ ಮುಜುಗರ. ಅಜ್ಜಿ ಯಾರನ್ನು ಹುಡುಕುತ್ತಾಳೆ ಎಂದು ಕೇಳುವ ಧೈರ್ಯ ಬಂದದ್ದು ಮೊಮ್ಮಗಳು ಮಾನಸಾಗೆ, ಅದೂ ಆಕೆ ಅಂಕೋಲೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಟೀಚರ್ ಆದ ಮೇಲೆ.

ಹತ್ತನೇ ತರಗತಿಗೆ ಹಿಟ್ಲರ್, ಮುಸೊಲಿನಿಯ ಪಾಠ ನಡೆದಿತ್ತು. ಅಷ್ಟು ಕೋಟಿ ಜನ ಒಬ್ಬನಿಗೆ ಹೆದರಿ ಸುಮ್ಮನಿದ್ದದ್ದು ಹೇಗೆ ಎಂದು ಒಬ್ಬಳು ಹುಡುಗಿ ಕೇಳಿದಳಂತೆ. ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಭಾನುವಾರ ಕೋಡಿಬಾಗಕ್ಕೆ ಬಂದ ಮಾನಸಾ ಅಡುಗೆಮನೆಯಲ್ಲಿ ಕೂತು ಆ ಮಾತು ತೆಗೆದಳು. ಕಾಶಿ ಬಂಗಡೆ ಸೀಳುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಒಬ್ಬನಿಗೆ ಯಾರು ಹೆದರ್ತಾರೆ ಮಗಾ? ಪಕ್ಕದ ಮನೆಯವರಿಗೆ ಹೆದರೂದು."

ಮದುವೆ ಮನೆಗಳಲ್ಲಿ ಹುಡುಕುವುದು ಯಾರನ್ನು ಎಂದು ಮಾನಸಾ ಆಗ ಕೇಳಿದಳು. ಅವತ್ತು ಕಾಶಿ ಎಲ್ಲವನ್ನೂ ಹೇಳಿದಳು.

ಕಾಶಿಯ ತವರು ಪೋಳೆಂ. ಮಾಜಾಳಿ ದಾಟಿದರೆ ಸಿಗುವ ಗೋವೆಯ ಮೊದಲ ಊರು. ಅವಳು ಹುಟ್ಟಿದಾಗ ಅದು ಪರದೇಶ, ಪೋರ್ಚುಗೀಸರ ನೆಲ. ಪೋರ್ಚುಗಲ್ಲನ್ನು ಆಳುತ್ತಿದ್ದ ಸರ್ವಾಧಿಕಾರಿ ಸಲಾಜಾರ್ ಒಂದು ದಿನವೂ ಗೋವೆಗೆ ಕಾಲಿಟ್ಟವನಲ್ಲ. ಅವನ ಪಟ ಮಾತ್ರ ಕಚೇರಿ ಕಚೇರಿಯಲ್ಲಿತ್ತು. ಪತ್ರಿಕೆ, ಕರಪತ್ರ ಇರಲಿ, ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕಾದರೂ ಮೊದಲು ಸರಕಾರಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು.

ಐವತ್ತೆಂಟನೇ ಇಸವಿಯಲ್ಲಿ ಅಕ್ಕನ ಲಗ್ನ ನಿಶ್ಚಯವಾಯಿತು. ಅಣ್ಣ ಕೇಶವ ಊರಿನ ಮರಾಠಿ ಶಾಲೆಯ ಮಾಸ್ತರ, ಇಪ್ಪತ್ತೆರಡರ ಬಿಸಿರಕ್ತ. ಒಪ್ಪಿಗೆಗೆ ಕಾಯುತ್ತ ಕೂತರೆ ಮುಹೂರ್ತ ಮೀರುತ್ತದೆಂದು ಗುಡ್ಡದ ದಾರಿಯಲ್ಲಿ ಗಡಿ ದಾಟಿ ಕಾರವಾರಕ್ಕೆ ಬಂದು ಐವತ್ತು ಪತ್ರಿಕೆ ಅಚ್ಚು ಹಾಕಿಸಿದ. ಪ್ರೆಸ್ಸಿನವರು ತಮ್ಮ ರೂಢಿಯಂತೆ ಕೊನೆಯಲ್ಲಿ 'ಜೈ ಹಿಂದ್' ಎಂದು ಕೂಡಿಸಿಬಿಟ್ಟಿದ್ದರು. ಆಗ ಗೋವೆಯಲ್ಲಿ ಆ ಎರಡು ಶಬ್ದಕ್ಕೆ ಜೈಲು. ಕೇಶವ ಮನೆಗೆ ಬಂದ ಮೇಲೆ ಅದನ್ನು ಕಂಡು ನಕ್ಕ, ಇರಲಿ ಬಿಡು ಅಂದ. ಹಂಚುವುದೆಲ್ಲ ನೆಂಟರಿಗೆ, ನೆರೆಯವರಿಗೆ. ಒಂದೊಂದರ ಮೇಲೂ ಆ ಮನೆಯ ಯಜಮಾನನ ಹೆಸರನ್ನು ತನ್ನ ಚಂದದ ಅಕ್ಷರದಲ್ಲಿ ಬರೆದು ತಾನೇ ಮನೆ ಮನೆಗೆ ಕೊಟ್ಟು ಬಂದ.

ನಾಲ್ಕನೇ ದಿನ ಬೆಳಿಗ್ಗೆ ಶಾಲೆಯಲ್ಲೇ, ಮಕ್ಕಳೆದುರಿಗೇ ಪೊಲೀಸರು ಅವನನ್ನು ಹಿಡಿದರು. ಮಧ್ಯಾಹ್ನ ಅಪ್ಪನಿಗೆ ಠಾಣೆಯಿಂದ ಕರೆ ಬಂತು. ಅಪ್ಪ ಓದು ಬಾರದ ಮನುಷ್ಯ, ಬಲೆ ಬೀಸಿ ಬದುಕಿದವ. ಜೊತೆಗೆ ಹದಿನೈದರ ಕಾಶಿಯನ್ನು ಕರೆದುಕೊಂಡು ಹೋದ. ಮೇಜಿನ ಮೇಲೆ ಪತ್ರಿಕೆಗಳ ಒಂದು ಸಣ್ಣ ಕಟ್ಟಿತ್ತು. ಅಧಿಕಾರಿ ಅವುಗಳ ಅಂಚನ್ನು ಬೆರಳಿನಿಂದ ಎಣಿಸಿ ಏಳು ಎಂದ. ಮೇಲಿನದನ್ನು ಕಾಶಿಯತ್ತ ತಿರುಗಿಸಿ, ಇದು ನಿನ್ನ ಅಣ್ಣನ ಅಕ್ಷರವೇ ಎಂದು ಕೊಂಕಣಿಯಲ್ಲಿ, ಬಹಳ ಮೆತ್ತಗೆ ಕೇಳಿದ. ನಿಜ ಹೇಳಿದರೆ ಸಂಜೆಗೇ ಬಿಡುತ್ತೇವೆಂದ. ಕಾಶಿ ಹೌದು ಅಂದಳು. ಅಂದ ಮೇಲೆ ಅಲ್ಲಿದ್ದ ಹೆಸರನ್ನು ಓದಿದಳು. ಶಾಂತಾರಾಮ. ಅವ್ವನ ಒಡಹುಟ್ಟಿದ ತಮ್ಮ, ಕಾಶಿಯ ಸ್ವಂತ ಮಾಮ.

ಕೆಳಗಿನ ಆರು ಪತ್ರಿಕೆ ಯಾರ ಮನೆಯವೆಂದು ಅವಳಿಗೆ ಕಾಣಲಿಲ್ಲ.

ದಾರಿಯಲ್ಲಿ ಅಪ್ಪನಿಗೆ ಹೇಳಿದಳು. ಅಪ್ಪ, "ನಿನ್ನ ಅವ್ವನ ಹತ್ರ ಹೇಳ್ಬೇಡ, ಅವಳು ಉಳಿಯೂದಿಲ್ಲ" ಅಂದ. ಆಮೇಲೆ ಸಾಯುವ ತನಕ ಆ ಸುದ್ದಿ ಎತ್ತಲಿಲ್ಲ. ಅಕ್ಕನ ಲಗ್ನ ವಾಜಂತ್ರಿ ಇಲ್ಲದೆ ನಡೆಯಿತು. ಕರೆದವರೆಲ್ಲ ಬಂದರು. ಬಾರದಿದ್ದರೆ ಎಲ್ಲಿ ಅನುಮಾನ ಬರುತ್ತದೋ ಎಂದು ಆ ಏಳು ಮನೆಯವರೂ ಬಂದಿರಬೇಕು. ಕೇಶವನನ್ನು ನೆನೆದು ಎಲ್ಲರಿಗಿಂತ ಹೆಚ್ಚು ಅತ್ತವನು ಮಾಮ. ಕಾಶಿ ಅನ್ನ ಬಡಿಸುತ್ತ ಪಂಕ್ತಿಯ ಉದ್ದಕ್ಕೂ ಮುಖಗಳನ್ನು ನೋಡಿದಳು. ಆಗ ಹತ್ತಿದ ಚಟ ಅವಳನ್ನು ಬಿಡಲೇ ಇಲ್ಲ.

ಕೇಶವನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಅರವತ್ತೊಂದರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಗೋವೆಗೆ ಬಂದಾಗ ಬಿಡುಗಡೆಯಾಗಿ ಮನೆಗೆ ಬಂದ. ಜೈಲಿನಲ್ಲಿ ತೂತು ಕೊರೆದ ಮರದ ಹಲಗೆಯಿಂದ ಅಂಗೈಗೆ ಹೊಡೆದು ಹೊಡೆದು ಬೆರಳುಗಳು ಮಡಚುತ್ತಿರಲಿಲ್ಲ. ಚಂದದ ಅಕ್ಷರದ ಮಾಸ್ತರನಿಗೆ ಬಳಪ ಹಿಡಿಯಲು ಬರಲಿಲ್ಲ. ಅನ್ನವನ್ನು ಅವ್ವ ಕಲಸಿ ತಿನ್ನಿಸಬೇಕಾಯಿತು. ಠಾಣೆಗೆ ಪತ್ರಿಕೆ ಕೊಟ್ಟವರು ಯಾರೆಂದು ಅವನು ಒಮ್ಮೆ ಕಾಶಿಯನ್ನು ಕೇಳಿದ. ಗೊತ್ತಿಲ್ಲ ಅಂದಳು. ಹದಿನಾರು ತಿಂಗಳು ಬದುಕಿ, ಎದೆಯ ರೋಗದಲ್ಲಿ ಹೋದ.

ಮಾಮ ಆ ಹೊತ್ತಿಗೆ ಕಾರವಾರದಲ್ಲಿ ಬಟ್ಟೆ ಅಂಗಡಿ ಹಾಕಿದ್ದ. ಗಡಿಯಾಚೆಗೆ ಗೋವೆ ಬಿಡುಗಡೆಯ ಚಳವಳಿಯ ಚೀಟಿ ಸಾಗಿಸುತ್ತಿದ್ದವನೆಂದು ಇಬ್ಬರು ಸಾಕ್ಷಿ ಬರೆದುಕೊಟ್ಟರು, ಹೋರಾಟಗಾರರ ಸರಕಾರಿ ಪಟ್ಟಿಗೆ ಅವನ ಹೆಸರು ಸೇರಿತು. ಆಗಸ್ಟ್ ಹದಿನೈದಕ್ಕೆ ಬಿಳಿ ಟೋಪಿ ಹಾಕಿ ಮುಂದಿನ ಸಾಲಿನಲ್ಲಿ ಕೂರತೊಡಗಿದ. ಕಾಶಿಯನ್ನು ಕೋಡಿಬಾಗಕ್ಕೆ ಕೊಟ್ಟಾಗ, ಪದ್ಧತಿಯಂತೆ ವಧುವನ್ನು ಎತ್ತಿ ಮಂಟಪಕ್ಕೆ ತಂದವನು ಅವನೇ. ಅವನ ತೋಳಿನ ಮೇಲೆ ತಾನು ಕಟ್ಟಿಗೆಯಂತೆ ಬಿಗಿದುಕೊಂಡಿದ್ದೆ ಎಂದು ಕಾಶಿ ಮಾನಸಾಗೆ ಹೇಳಿದಳು. ಹುಡುಗಿಗೆ ನಾಚಿಕೆ ಎಂದು ನೆರೆದ ಹೆಂಗಸರು ನಗುತ್ತಿದ್ದರಂತೆ.

ಮಾಮ ಹಾಸಿಗೆ ಹಿಡಿದದ್ದು ಎಂಬತ್ತೆಂಟನೇ ಇಸವಿಯಲ್ಲಿ. ಕಾಶಿ ಗಂಜಿ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ದಿನ, ಕೋಣೆಯಲ್ಲಿ ಯಾರೂ ಇಲ್ಲದಾಗ, ಅವನೇ ಬಾಯಿಬಿಟ್ಟ.

"ಕಾಶೀ, ನಿಂಗೆ ಗೊತ್ತಿದೆ ಹೇಳಿ ನಂಗೆ ಗೊತ್ತು. ಐವತ್ತು ಮನೆಗೆ ಹಂಚಿದ್ದ ಅವ. ಯಾರಾದ್ರೂ ಒಬ್ರು ಕೊಟ್ಟೇ ಕೊಡ್ತಿದ್ರು. ಆಮೇಲೆ ಉಳಿದವರಿಗೆ, ನೀವು ಎಂತಕ್ಕೆ ಮುಚ್ಚಿಟ್ರಿ ಅಂತ ಹಿಡಿದು ಕೇಳ್ತಿದ್ರು. ನಾನು ಹೋಗೂವಾಗ ಆಗ್ಲೇ ಆರು ಅಲ್ಲಿತ್ತು. ನಾನು ಕೊಡದಿದ್ರೂ ಅವ ಉಳೀತಿರಲಿಲ್ಲ."

"ಒಳಗೆ ಹೋಗೂಕೆ ಮೊದಲು ಅದು ನಿಮಗೆ ಗೊತ್ತಿರಲಿಲ್ಲ ಅಲ್ವಾ, ಮಾಮ?" ಕಾಶಿ ಕೇಳಿದಳು.

ಅವನು ಗೋಡೆಯ ಕಡೆ ಹೊರಳಿದ. ಆ ಆರು ಯಾರವೆಂದು ಕೇಳಿದ್ದಕ್ಕೆ, ನೋಡಲಿಲ್ಲ, ತಲೆ ಎತ್ತಿ ಸಲಾಜಾರನ ಪಟವನ್ನೇ ನೋಡುತ್ತ ನಿಂತಿದ್ದೆ ಅಂದ. ಮುಂದಿನ ವಾರ ತೀರಿಕೊಂಡ. ಸರಕಾರದ ಕಡೆಯಿಂದ ಹೂವಿನ ಹಾರ ಬಂತು.

ಮಾನಸಾ ಇದನ್ನೆಲ್ಲ ಕೇಳಿ ಎರಡು ತಿಂಗಳಾಗಿರಬೇಕು, ಶಾಂತಾರಾಮನ ಮೊಮ್ಮಗ ಸಂದೇಶ ಮನೆಗೆ ಬಂದ. ಕೈಗಾದಲ್ಲಿ ನೌಕರಿ, ಸಮಾಜದ ಕೆಲಸದಲ್ಲೂ ಮುಂದು. ಸಮಾಜದ ಹೊಸ ಸಭಾಭವನಕ್ಕೆ ನಮ್ಮ ಅಜ್ಜನ ಹೆಸರಿಡುತ್ತಿದ್ದೇವೆ, ಆ ಕಾಲ ಕಂಡವರಲ್ಲಿ ಉಳಿದವರು ನೀವೊಬ್ಬರೇ, ವೇದಿಕೆಗೆ ಬಂದು ಎರಡು ಮಾತಾಡಬೇಕು ಎಂದು ಕಾಲು ಮುಟ್ಟಿ ಕರೆದ. ಒಳ್ಳೆಯ ಹುಡುಗ. ಅವನಿಗೆ ಏನೂ ಗೊತ್ತಿರಲಿಲ್ಲ. ಕಾಶಿ ಬರುತ್ತೇನೆ ಅಂದಳು.

ಸಮಾರಂಭದ ದಿನ ಶಾಲು ಹೊದಿಸಿ ಮೈಕು ಕೊಟ್ಟರು. ಕಾಶಿ ನಿಂತು, ತನ್ನ ಅಣ್ಣನ ಹೆಸರು ಕೇಶವ ಎಂದಳು. ಅವನ ಕೈ ಏನಾಯಿತೆಂದು ಹೇಳಿದಳು. "ಠಾಣೆಗೆ ಏಳು ಜನ ಪತ್ರಿಕೆ ಕೊಟ್ಟಿದ್ರು. ಒಂದರ ಮೇಲೆ ಶಾಂತಾರಾಮ ಮಾಮನ ಹೆಸರಿತ್ತು. ಅಕ್ಷರ ಅಣ್ಣಂದು ಹೌದು ಅಂತ ಹೇಳಿದವಳು ನಾನು" ಅಂದಳು. ಇನ್ನೂ ಹೇಳುವವಳಿದ್ದಳು. ನಿರೂಪಕಿ ಬಂದು ಮೆಲ್ಲಗೆ ಮೈಕು ತೆಗೆದುಕೊಂಡು, ಹಿರಿಯರು ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ ಬರಲಿ ಅಂದಳು. ಚಪ್ಪಾಳೆ ಬಂತು. ಹೆಸರಿನ ಫಲಕದ ಪರದೆ ಸರಿಸಿದರು. ಊಟಕ್ಕೆ ಎಬ್ಬಿಸಿದರು.

ಪಂಕ್ತಿಯಲ್ಲಿ ಸಂದೇಶ ಪಕ್ಕಕ್ಕೆ ಬಂದು ಕೂತ. ಮುಖ ಕೆಂಪಾಗಿತ್ತು, ಆದರೂ ದನಿ ಏರಿಸಲಿಲ್ಲ. ಪುರಾವೆ ಏನಾದರೂ ಇದೆಯಾ ಅಜ್ಜಿ ಎಂದು ಕೇಳಿದ. ಇಲ್ಲ ಅಂದಳು. ಹಾಗಾದರೆ ಇನ್ನೊಮ್ಮೆ ಎಲ್ಲೂ ಹೇಳಬೇಡಿ ಎಂದು ಅವಳ ಎಲೆಗೆ ತಾನೇ ಪಾಯಸ ಬಡಿಸಿ ಎದ್ದುಹೋದ. ಮರುದಿನ ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು: ಶಾಲು ಹೊದ್ದ ಕಾಶಿ, ಕೆಳಗೆ 'ಹೋರಾಟಗಾರ ಶಾಂತಾರಾಮರ ನೆನಪು ಹಂಚಿಕೊಂಡ ಸೋದರ ಸೊಸೆ'.

ಮಾನಸಾಗೆ ತಡೆಯಲಾಗಲಿಲ್ಲ. ಪೇಪರಿಗೆ ಬರೆಯುತ್ತೇನೆ, ನೀವು ಸಹಿ ಹಾಕಿ ಅಂದಳು. ಕಾಶಿ ಬೇಡ ಅಂದಳು.

"ಬರೆದ್ರೆ ಎಂತಾಗ್ತದೆ ಹೇಳು. ಉಳಿದ ಆರು ಯಾರು ಅಂತ ಕೇಳ್ತಾರೆ. ಪ್ರತಿಯೊಬ್ಬನೂ ತನಗೆ ಆಗದವನ ಅಜ್ಜನ ಹೆಸರು ಹೇಳ್ತಾನೆ. ನಾಳೆ ಬೆಳಿಗ್ಗೆ ನಮ್ಮ ಗೇಟಿನ ಹತ್ರವೇ ನಾಲ್ಕು ಜನ ಹೆಸರು ಹಿಡ್ಕೊಂಡು ನಿಂತಿರ್ತಾರೆ."

"ಹಾಗಂತ ಸುಮ್ಮನಿರೂದಾ? ನನ್ನ ಕ್ಲಾಸಿನ ಹುಡುಗಿ ಕೇಳಿದ್ದು ಇದನ್ನೇ, ಅಜ್ಜಿ."

ಕಾಶಿ ಸಹಿ ಹಾಕಲಿಲ್ಲ. ಮಾನಸಾ ಮೂರು ಗಂಟೆಯ ಬಸ್ಸಿಗೆ ಅಂಕೋಲೆಗೆ ಹೋದಳು. ಆಮೇಲಿನ ಭಾನುವಾರಗಳಲ್ಲಿ ಬರಲಿಲ್ಲ, ಫೋನು ಮಾಡಿದರೂ ತಾಯಿಯ ಜೊತೆ ಮಾತಾಡಿ ಇಟ್ಟುಬಿಡುತ್ತಾಳೆ. ಅಜ್ಜಿಯದು ಹೇಡಿತನ ಎಂದು ತಾಯಿಯೆದುರು ಅಂದಳಂತೆ. ಆ ಮಾತು ಸುಳ್ಳೆಂದು ಕಾಶಿಗೂ ಅನಿಸಿಲ್ಲ.