ತಾಮ್ರದ ಕೆಟಲಿನ ತಗ್ಗು

ಊರಿನ ಸ್ನಾನದಮನೆಯ ಬಿಸಿನೀರಿನ ತೊಟ್ಟಿಯಲ್ಲಿ ತೋಕುಜಿ ಕುತ್ತಿಗೆಮಟ್ಟ ಮುಳುಗಿ ಕಣ್ಣುಮುಚ್ಚಿ ಕೂತಿದ್ದ. ಎದುರಿಗೆ ಕೂತಿದ್ದ ಕ್ಷೌರದಂಗಡಿಯ ಕುರೊಸಾಕಿ ಕೇಳಿದ: "ತೋಕುಜಿ-ಸಾನ್, ಮನೆಯವರು ಎಸೆದ ಕೆಟಲ್ ತಲೆಗೇ ಬಿತ್ತೋ, ತಪ್ಪಿಸ್ಕೊಂಡ್ರೋ? ಕೆನಡಾದಿಂದ ನನ್ನ ಮಗಳು ಇಂಟರ್ನೆಟ್ಟಲ್ಲಿ ಓದಿ ಕಳ್ಸಿದ್ಲು!"

ತೊಟ್ಟಿಯಲ್ಲಿದ್ದವರೆಲ್ಲ ಹೋ ಎಂದರು. ತೋಕುಜಿ ದಿಗ್ಗನೆ ಎದ್ದುನಿಂತ. ಮಾನ ಮುಚ್ಚಲು ಇದ್ದದ್ದು ಅಂಗೈಯಗಲದ ಒಂದು ಟವೆಲು. ಅದೂ, ಎಲ್ಲರ ಟವೆಲಿನಂತೆ, ಮಡಚಿ ತಲೆಯ ಮೇಲೆ ಕೂತಿತ್ತು.

ಅವನ ಹೆಂಡತಿ ಹಿಸಾನೊ ತ್ಸುಬಾಮೆ ಊರಿನ ತಾಮ್ರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪಾತ್ರೆಗಳಿಗೆ ಮೆರುಗು ಕೊಟ್ಟವಳು. ಈಗ ಹಳೇ ಕೆಟಲ್‌ಗಳನ್ನು ತಿಕ್ಕಿ, ಅಂತರ್ಜಾಲದ ಸಂತೆಯಲ್ಲಿ ಪರದೇಶದವರಿಗೆ ಮಾರುತ್ತಾಳೆ. ಊರಿನ ವಾಡಿಕೆಯಂತೆ ಮಾಲಿನ ಗುಣಕ್ಕಿಂತ ಮೊದಲು ದೋಷ ಹೇಳುತ್ತಾಳೆ: ಪ್ರತಿ ಗೀರಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ. ಮುಖ ಕಾಣದ ಗಿರಾಕಿ ನಂಬುವುದು ಇದನ್ನೇ. ನಾನೂರ ಹನ್ನೆರಡು ಜನ ಕೊಂಡಿದ್ದಾರೆ. ಒಬ್ಬರೂ ಐದು ನಕ್ಷತ್ರಕ್ಕೆ ಕಡಿಮೆ ಕೊಟ್ಟಿಲ್ಲ. ಇಷ್ಟು ತೋಕುಜಿಗೂ ಗೊತ್ತಿತ್ತು.

ಒದ್ದೆ ತಲೆಯಲ್ಲೇ ಮನೆಗೆ ಓಡಿಬಂದು ಹಿಸಾನೊಳ ಕೈಯಲ್ಲಿ ಹೋದ ತಿಂಗಳ ಮಾರಾಟದ ಪುಟ ತೆರೆಸಿದ. ತಮ್ಮ ಅಡುಗೆಮನೆಯದೇ ಕೆಟಲ್! ಕೆಳಗೆ ಬರಹ: 'ಎಡಬದಿಯಲ್ಲಿ ಎರಡು ಸೆಂಟಿಮೀಟರ್ ತಗ್ಗು. ಗಂಡನ ಮೇಲೆ ಎಸೆದಾಗ ಆದದ್ದು. ಸೋರುವುದಿಲ್ಲ. ಕ್ಷಮಿಸಿ.' ಅದರಡಿ ನಾರ್ವೆಯವನೊಬ್ಬನ ಮೆಚ್ಚುಗೆ: 'ಇದನ್ನೇ ಒಪ್ಪಿಕೊಂಡವಳು ಇನ್ನೇನು ಮುಚ್ಚಿಟ್ಟಾಳು?'

"ಏನೇ ಇದು! ಲೋಕದ ಮುಂದೆಲ್ಲ ನನ್ನ ಮಾನ ಹರಾಜು!"

"ಮಾನ ಅಲ್ರೀ, ಕೆಟಲ್. ತಗ್ಗು ಇದ್ದಿದ್ದಕ್ಕೇ ಬೆಲೆ ಏರಿದ್ದು."

ತೋಕುಜಿ ಊಟದ ಮೇಜಿನ ಮುಂದೆ ಕೂತ. ಮಾನದ ಮಾತು ಹಾಗಿರಲಿ, ಕಾಡಿದ್ದು ಬೇರೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹಿಸಾನೊ ದನಿ ಎತ್ತಿದ್ದೇ ಅವನಿಗೆ ನೆನಪಿಲ್ಲ. ಕೆಟಲ್ ಎಸೆಯುವಷ್ಟು ಸಿಟ್ಟನ್ನು ಎಲ್ಲಿಟ್ಟುಕೊಂಡಿದ್ದಳು? ತಾನು ಅಂಥದ್ದೇನು ಮಾಡಿ ಮರೆತುಬಿಟ್ಟೆ? ಕೂದಲೊಳಗೆ ಬೆರಳಾಡಿಸಿ ಗಾಯದ ಗುರುತು ಹುಡುಕಿದ. ಸಿಕ್ಕಿದ್ದು ಬೋಳು ಮಾತ್ರ. ಮುಂದಿದ್ದ ಮಿಸೊ ಸಾರು ಆರಿ ತಣ್ಣಗಾಯಿತು.

ಕೊನೆಗೆ ಕೇಳಿದ: "ನಿಜ ಹೇಳು ಹಿಸಾನೊ. ನನ್ ಮೇಲೆ ಅಷ್ಟು ಸಿಟ್ಟಿತ್ತಾ? ಯಾವಾಗ ಎಸೆದೆ?"

ಹಿಸಾನೊ ಇನ್ನೊಂದು ಕೆಟಲಿಗೆ ಹಳೇ ಪತ್ರಿಕೆ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಎಸೆದಿದ್ದೆಲ್ಲಿ ಬಂತು? ಕಪಾಟಿನಿಂದ ಬಿತ್ತು. ಹಾಗಂತ ಬರೆದ್ರೆ ಯಾರೂ ನಂಬಲ್ಲ ಕಣ್ರೀ. ಎಲ್ರೂ ಅದನ್ನೇ ಬರೀತಾರೆ."