ಕರ್ಚೀಫ್ ಹಾಕಿದ ಸೀಟು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಮಗಳು ಟಿವಿ ರಿಮೋಟನ್ನು ಸೋಫಾದ ಮೇಲೆ ಎಸೆದು, "ಪುಸ್ತಕದಲ್ಲಿ ಹೀಗಿಲ್ಲಮ್ಮ, ಇವರಿಗೆ ಎಂಡಿಂಗ್ ಕೆಡಿಸೋದೇ ಕೆಲಸ" ಎಂದಳು. ಯಾವುದೋ ಬಿಸಿಬಿಸಿ ಪ್ರೇಮ ಕಾದಂಬರಿಯನ್ನು ಸಿನಿಮಾ ಮಾಡಿದ್ದರು. ಆ ಪುಸ್ತಕವೂ ಮನೆಯಲ್ಲಿದೆ. ನಾನು ಅಡುಗೆಮನೆಗೆ ಹೋದಾಗ ಅವಳು ಓದುತ್ತಾಳೆ, ಅವಳು ಸ್ನಾನಕ್ಕೆ ಹೋದಾಗ ನಾನು ಓದುತ್ತೇನೆ. ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ.

ಸಿಟ್ಟು ನನಗೂ ಬಂತು. ನೀವೇ ಹೇಳಿ, ಇದು ನ್ಯಾಯವೇ? ಎರಡು ಗಂಟೆ ಕಾಲ ಪರದೆಯ ತುಂಬ ಮುತ್ತು, ಮಂಚ. ಟಿಕೆಟ್ಟು ಮಾರಿದ್ದೇ ಅದರ ಹೆಸರಿನಲ್ಲಿ. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ನಿರ್ದೇಶಕನಿಗೆ ದಿಢೀರನೆ ಮಾನಮರ್ಯಾದೆ ನೆನಪಾಗುತ್ತದೆ. ಹುಡುಗನನ್ನು ಲಾರಿಯ ಕೆಳಗೆ ಹಾಕು, ಇಲ್ಲವೇ ಹುಡುಗಿಗೆ ಬುದ್ಧಿ ಬರಿಸು, ಅದೂ ಆಗದಿದ್ದರೆ ಮದುವೆ ಮಾಡಿಸಿ ಕೈಗೊಂದು ಮಗು ಕೊಡು. ಕಾದಂಬರಿ ಬರೆದವಳು ಮುನ್ನೂರು ಪುಟ ಕಷ್ಟಪಟ್ಟು ಹೊಸಿಲು ದಾಟಿಸಿದವಳನ್ನು ಇವನು ಹತ್ತೇ ನಿಮಿಷದಲ್ಲಿ ಒಳಗೆ ತಳ್ಳಿ ಚಿಲಕ ಹಾಕುತ್ತಾನೆ. ನಲವತ್ತು ವರ್ಷದಿಂದ ನಾನು ಇಂಥವರನ್ನು ಬೈಯುತ್ತ ಬಂದಿದ್ದೇನೆ. ಚೆನ್ನಾಗಿಯೇ ಬೈಯುತ್ತೇನೆ, ಹೈಸ್ಕೂಲಿನಲ್ಲಿ ಪಾಠ ಹೇಳುವ ಬಾಯಿ ನೋಡಿ.

ಬೈದು ಮುಗಿಸಿದ ಮೇಲೆ ಮಾತ್ರ ಪ್ರತಿಸಲವೂ ಒಂದು ಹಳೆಯ ಪುಸ್ತಕ ನೆನಪಾಗುತ್ತದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಪೇಪರ್ ಸುತ್ತಿಕೊಂಡು ಮಲಗಿದೆ. ಶಿಡ್ಲಘಟ್ಟದ ಬಾಡಿಗೆ ಲೈಬ್ರರಿಯಿಂದ ತಂದವಳು ನಾನು, ಇವತ್ತಿನವರೆಗೂ ವಾಪಸ್ಸು ಕೊಟ್ಟಿಲ್ಲ.

ಆಗ ನಾನು ಜಂಗಮಕೋಟೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಶಿಡ್ಲಘಟ್ಟದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಚಿಕ್ಕಮ್ಮ ಮದನಪಲ್ಲಿ ಕಡೆಯವರು. ಕನ್ನಡ ಸೊಗಸಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿದ್ದುದು ತೆಲುಗು ಮಾತ್ರ. ಹೀಗಾಗಿ ಮಧ್ಯಾಹ್ನ ಅವರು ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಪಕ್ಕದಲ್ಲಿ ಕೂತು ಕಾದಂಬರಿ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಈಗ ಟ್ರಂಕಿನಲ್ಲಿರುವುದು ಆ ಕಾಲಕ್ಕೆ ಹೆಂಗಸರೆಲ್ಲ ಕದ್ದು ಓದಿದ ಕಾದಂಬರಿ. ಮಾತೇ ಆಡದ ಗಂಡ, ಹಿತ್ತಿಲ ಕೋಣೆಗೆ ಬಂದ ಬಾಡಿಗೆದಾರ, ಉಳಿದದ್ದು ನಿಮಗೆ ಗೊತ್ತು. ಅಂಥ ಜಾಗ ಬಂದಾಗ ನಾನು ಕೆಮ್ಮಿ ಎರಡು ಪುಟ ಒಟ್ಟಿಗೆ ತಿರುಗಿಸುತ್ತಿದ್ದೆ. ಚಿಕ್ಕಮ್ಮ ಹೆಚ್ಚುವುದು ನಿಲ್ಲಿಸಿ, "ಏಮೇ, ಈಗ ತಾನೆ ಬಾಗಿಲಲ್ಲಿ ನಿಂತಿದ್ದ, ಅಷ್ಟರಲ್ಲಿ ಬೆಳಗಾಗೋಯ್ತಾ?" ಎನ್ನುತ್ತಿದ್ದರು. ನಾನು ತಲೆ ಎತ್ತದಿದ್ದರೆ, "ಸರಿ, ಇಂಕಾ? ಇಂಕಾ?" ಎಂದು ತೆಲುಗಿನಲ್ಲೇ ಆಮೇಲೇನೆಂದು ಕೇಳುತ್ತ ಕತೆಯನ್ನು ಮುಂದಕ್ಕೆ ದೂಡುತ್ತಿದ್ದರು.

ಚಿಕ್ಕಪ್ಪ ಕೆಟ್ಟವರಲ್ಲ. ಆದರೆ ತಟ್ಟೆ ತಟ್ಟೆಗೂ ಬಗ್ಗಿ ಹುಳುಗಳನ್ನು ವಿಚಾರಿಸಿಕೊಳ್ಳುತ್ತಿದ್ದ ಆ ಮನುಷ್ಯ ಹೆಂಡತಿಯ ಜೊತೆ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ಕಾದಂಬರಿ ಕೊನೆಗೆ ಬಂದ ವಾರವೂ ಹಾಗೇ ಆಗಿತ್ತು. ಚಿಕ್ಕಮ್ಮನ ಸೀರೆಗಳು ಬ್ಯಾಗಿಗಿಳಿದು, ಬ್ಯಾಗು ಮಂಚದ ಕೆಳಗೆ ಬಂದು ಕೂತಿತ್ತು. "ನೋಡಣ, ಅವಳೇನು ಮಾಡ್ತಾಳೋ" ಎಂದರು, ಕಾದಂಬರಿಯ ಹೆಂಗಸಿನ ಬಗ್ಗೆ.

ಅವಳೇನು ಮಾಡುತ್ತಾಳೆಂದು ನಾನು ಹಿಂದಿನ ದಿನವೇ ಕಾಲೇಜಿನಿಂದ ಬರುವಾಗ ಓದಿಬಿಟ್ಟಿದ್ದೆ. ಬಾಡಿಗೆದಾರ ಊರು ಬಿಡುತ್ತಿದ್ದಾನೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕರ್ಚೀಫ್ ಹಾಕಿ ಕಾಯುತ್ತಿದ್ದಾನೆ. ಅವಳು ಹತ್ತುತ್ತಾಳೆ, ಕರ್ಚೀಫ್ ಎತ್ತಿ ಅವನ ಕೈಗೆ ಕೊಟ್ಟು ಕೂರುತ್ತಾಳೆ. ಬಸ್ಸು ಹೊರಡುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ಚಿಕ್ಕಮ್ಮನಿಗೆ ನಾನು ಓದಿ ಹೇಳಿದ್ದೇ ಬೇರೆ. ಪುಟದ ಮೇಲೆ ಕಣ್ಣಿಟ್ಟುಕೊಂಡು, ಒಂದು ಕಡೆಯೂ ತಡವರಿಸದೆ, ಅವಳನ್ನು ಬಸ್ಸಿನಿಂದ ಇಳಿಸಿದೆ, ಮನೆಗೆ ನಡೆಸಿದೆ, ಗಂಡನ ಕಾಲಿಗೆ ಬೀಳಿಸಿದೆ. ಒಂದು ಸಂಸಾರ ಉಳಿಸಿದೆನೆಂದು ಆಗ ಬೀಗಿದ್ದೂ ಉಂಟು. ನಿಜ ಹೇಳುತ್ತೇನೆ: ಚಿಕ್ಕಮ್ಮ ಹೊರಟುಬಿಟ್ಟರೆ ನನಗೆ ಡಬ್ಬಿ ಕಟ್ಟುವವರು ಯಾರು, ನನ್ನ ಕಾಲೇಜಿನ ಗತಿಯೇನು, ಇಷ್ಟೇ ನನ್ನ ಹೆದರಿಕೆ.

ಚಿಕ್ಕಮ್ಮ ಹೆಚ್ಚಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. "ಅವಳೂ ಅಷ್ಟೇನಾ, ಬಿಡು" ಎಂದರು. ಸಂಜೆ ನೋಡಿದರೆ ಮಂಚದ ಕೆಳಗೆ ಬ್ಯಾಗಿರಲಿಲ್ಲ. ಪುಸ್ತಕ ವಾಪಸ್ಸು ಕೊಟ್ಟರೆ ಚಿಕ್ಕಮ್ಮ ಬೇರೆ ಯಾರ ಕೈಲಾದರೂ ಓದಿಸಿಕೊಂಡಾರೆಂದು ಅದನ್ನು ನನ್ನಲ್ಲೇ ಬಚ್ಚಿಟ್ಟುಕೊಂಡೆ.

ಮರುವರ್ಷ ಅದೇ ಕತೆ ಸಿನಿಮಾ ಆಗಿ ಚಿಂತಾಮಣಿಯ ಟಾಕೀಸಿಗೆ ಬಂತು. ಚಿಕ್ಕಮ್ಮನೇ ನನ್ನನ್ನು ಕರೆದುಕೊಂಡು ಹೋದರು. ಇವತ್ತು ಸಿಕ್ಕಿಬಿದ್ದೆನೆಂದು ಬೆವರುತ್ತ ಕೂತಿದ್ದೆ. ಕೊನೆಯ ಹತ್ತು ನಿಮಿಷ ಬಂತು. ಅವಳು ಬಸ್ಸಿನಿಂದ ಇಳಿದಳು, ಮನೆಗೆ ನಡೆದಳು, ಗಂಡನ ಕಾಲಿಗೆ ಬಿದ್ದಳು. ಸೊಪ್ಪಿನ ರಾಶಿಯ ಪಕ್ಕ ಕೂತು ನಾನು ಹೇಳಿದ ಸುಳ್ಳನ್ನೇ ಅಷ್ಟು ದೊಡ್ಡ ನಿರ್ದೇಶಕನೂ ಹೇಳಿದ್ದ. "ನೀನು ಓದಿದಂಗೇ ಐತಲ್ಲೇ" ಎಂದರು ಚಿಕ್ಕಮ್ಮ. ಅವತ್ತಿನಿಂದ ಶುರುವಾಯಿತು ನನ್ನ ಬೈಗುಳ. ನನಗೆ ಬೀಳಬೇಕಾದದ್ದೂ ಪಾಪ ಆ ನಿರ್ದೇಶಕರಿಗೇ ಬಿತ್ತು.

ಈ ಸೋಮವಾರ ರಜೆ ಹಾಕಿ, ಟ್ರಂಕು ಇಳಿಸಿ, ಪುಸ್ತಕ ತೆಗೆದುಕೊಂಡು ಜಂಗಮಕೋಟೆಗೆ ಹೋದೆ. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಹುಳುಮನೆ ಈಗ ಸೊಸೆಯ ಸುಪರ್ದಿ. ಚಿಕ್ಕಮ್ಮ ಡೇರಿಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ, ಡಬ್ಬಿಯ ವಿಷಯವನ್ನೂ ಬಿಡದೆ. ಅವರು ಬೈಯಲಿಲ್ಲ.

"ಓದು. ಈ ಸಲ ಎಲ್ಲೂ ಹಾರಿಸಬೇಡ" ಎಂದರು.

ಕೊನೆಯ ಅಧ್ಯಾಯ ಓದಿದೆ. ಅದರಲ್ಲೂ ಒಂದು ಮಂಚದ ಪ್ರಸಂಗವಿತ್ತು. ಐವತ್ತೇಳರ ನನಗೆ ಕಿವಿ ಬಿಸಿಯಾಯಿತು, ಅವರಿಗಾಗಲಿಲ್ಲ.

"ಇಂಕಾ?"

"ಮುಗೀತು ಚಿಕ್ಕಮ್ಮ. ಬಸ್ಸು ಹೊರಟೋಯ್ತು."

"ಇಳೀಲಿಲ್ವಾ?"

"ಇಲ್ಲ."

ಚಿಕ್ಕಮ್ಮ ರಸ್ತೆಯ ಕಡೆ ತಿರುಗಿದರು. ಆಮೇಲೆ, "ನಲವತ್ತು ವರ್ಷ ಅವಳನ್ನ ಬೈಕೊಂಡೇ ಇದ್ದೆ ಕಣೇ" ಎಂದರು. "ಹತ್ತಿದೋಳು ಇಳಿದುಬಿಟ್ಟಳಲ್ಲ, ಪುಕ್ಕಲಿ, ಅಂತ."

ನನ್ನನ್ನೇ ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ಅಕ್ಷರ ಕಾಣಲಿಲ್ಲ. ಚಿಕ್ಕಮ್ಮ ತಮಗೆ ಓದಲು ಬಾರದ ಆ ಪುಟದ ಮೇಲೆ ಬೆರಳಿಟ್ಟರು.

"ಕರ್ಚೀಫ್ ಎತ್ತೋದು ಎಲ್ಲಿದೆ, ತೋರಿಸು. ಅದೊಂದನ್ನ ಇನ್ನೊಂದ್ಸಲ ಓದು."

ತೋರಿಸಿದೆ. ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಓದಿದೆ.